ಕೊನೆಯ ದಿನದ ನಕ್ಷೆ, ಪ್ರತಿದಿನದ ಕಟ್ಟಡ



ಈ ಉಪನ್ಯಾಸದ ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನೀವು ನನಗೇ ಬಿಟ್ಟಿರಿ. ಎತ್ತರದ ಕಟ್ಟಡಗಳ ಬಗ್ಗೆಯೋ ಭೂಕಂಪದ ಬಗ್ಗೆಯೋ ಮಾತಾಡಬಹುದಿತ್ತು. ನಾನು ಎತ್ತಿಕೊಂಡಿರುವುದು ಕಟ್ಟಡ ಮೇಲೇಳುವ ಹೊತ್ತಿನಲ್ಲಿ ಅದರ ಅಂಚಿನಿಂದ, ಲಿಫ್ಟ್ ಗುಂಡಿಯಿಂದ, ಸಾರ್ವೆಯಿಂದ ಬಿದ್ದು ಸಾಯುವವರ ವಿಷಯ. ಕಂಪ್ಯೂಟರಿನಲ್ಲಿ ಕಟ್ಟುವ ಕಟ್ಟಡದ ಮಾದರಿ ಈ ಸಾವುಗಳನ್ನು ಎಷ್ಟರಮಟ್ಟಿಗೆ ತಡೆಯಬಲ್ಲದು ಎಂಬ ಪ್ರಶ್ನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಎಂಜಿನಿಯರುಗಳು ಬರೆಯುವ ನಕ್ಷೆ ಕಟ್ಟಡದ ಕೊನೆಯ ದಿನದ್ದು. ಕೂಲಿಯಾಳು ದುಡಿಯುವುದು ಅದಕ್ಕಿಂತ ಮುಂಚಿನ ಎಲ್ಲ ದಿನಗಳಲ್ಲಿ. ಆ ದಿನಗಳ ನಕ್ಷೆಯನ್ನು ನಾವು ಬರೆಯುವುದೇ ಇಲ್ಲ.

2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಹೊರ ವರ್ತುಲ ರಸ್ತೆಯಲ್ಲಿ ಮೆಟ್ರೊ ಕಂಬವೊಂದರ ಕಬ್ಬಿಣದ ಚೌಕಟ್ಟು ರಸ್ತೆಯ ಮೇಲೆ ಉರುಳಿತು. ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಆಕೆಯ ಎಳೆಯ ಮಗು ತೀರಿಕೊಂಡರು. ಕಾಂಕ್ರೀಟ್ ತುಂಬಿಕೊಂಡು ಗಟ್ಟಿಯಾದ ಮೇಲೆ ಮೆಟ್ರೊ ಕಂಬದಷ್ಟು ಭದ್ರವಾದ ವಸ್ತು ಊರಿನಲ್ಲಿ ಮತ್ತೊಂದು ಇರಲಾರದು. ಅದರ ಲೆಕ್ಕವನ್ನು ನಾಲ್ಕಾರು ಮಂದಿ ತಿದ್ದಿ ತೀಡಿ ಒಪ್ಪಿರುತ್ತಾರೆ. ಆದರೆ ಕಾಂಕ್ರೀಟ್ ಬೀಳುವ ಮುಂಚಿನ ಆ ಕಂಬಿಗಳ ಗೂಡು ಬೇರೆಯದೇ ಒಂದು ರಚನೆ. ಅದಕ್ಕೆ ತನ್ನದೇ ಭಾರವಿದೆ, ಗಾಳಿಯ ಒತ್ತಡವಿದೆ, ಅದು ನೆಟ್ಟಗೆ ನಿಲ್ಲಬೇಕಾದರೆ ನಾಲ್ಕೂ ಕಡೆಯಿಂದ ತಂತಿ ಬಿಗಿಯಬೇಕು. ಕೆಲವೇ ದಿನ ಬದುಕುವ ರಚನೆ ಎಂಬ ಕಾರಣಕ್ಕೆ ನಮ್ಮ ಎಷ್ಟೋ ಕಾಮಗಾರಿಗಳಲ್ಲಿ ಇಂಥದಕ್ಕೆ ಪ್ರತ್ಯೇಕ ನಕ್ಷೆಯೂ ಇರುವುದಿಲ್ಲ, ಲೆಕ್ಕವೂ ಇರುವುದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಬಡಾವಣೆಗಳದ್ದೇ. ರಸ್ತೆಯಂಚಿನ 11 ಕೆ.ವಿ. ವಿದ್ಯುತ್ ತಂತಿಯಿಂದ ಕಟ್ಟಡ 1.2 ಮೀಟರ್ ದೂರವಿರಬೇಕು ಎನ್ನುತ್ತದೆ ನಿಯಮ. ಮುಗಿದ ಕಟ್ಟಡಕ್ಕೆ ಆ ದೂರ ಸಾಕು. ಆದರೆ ಮಾರುಕಟ್ಟೆಯಿಂದ ಬರುವ ಕಂಬಿಯ ಉದ್ದ 12 ಮೀಟರ್. ಎರಡನೆಯ ಮಹಡಿಯಲ್ಲಿ ಅಂಥ ಕಂಬಿಯನ್ನು ಹೆಗಲ ಮೇಲೆ ಹೊತ್ತ ಹುಡುಗ ಒಂದು ಸಲ ತಿರುಗಿದರೆ ನಿಯಮದ 1.2 ಮೀಟರ್ ಎಲ್ಲಿ ಉಳಿಯಿತು? ನಕ್ಷೆಯಲ್ಲಿ ಗೋಡೆ ಇದೆ, ಕಿಟಕಿ ಇದೆ, ಸಜ್ಜೆ ಇದೆ. ತಂತಿ ಇಲ್ಲ, ಕಂಬಿ ಇಲ್ಲ, ಆ ಹುಡುಗನೂ ಇಲ್ಲ.

ಈಗ ಮಾದರಿಯ ವಿಷಯಕ್ಕೆ ಬರುತ್ತೇನೆ. ಎಂಜಿನಿಯರುಗಳು ಇದನ್ನು ಬಿಮ್ ಎಂದು ಕರೆಯುತ್ತಾರೆ. ಹಳೆಯ ಕ್ಯಾಡ್ ನಕ್ಷೆಯಲ್ಲಿ ಗೋಡೆ ಎಂದರೆ ಎರಡು ಗೆರೆ. ಅದು ಗೋಡೆ ಎಂದು ಗೊತ್ತಿರುವುದು ನೋಡುವವನಿಗೆ, ಕಂಪ್ಯೂಟರಿಗಲ್ಲ. ಬಿಮ್‌ನಲ್ಲಿ ಗೋಡೆ ಗೋಡೆಯಾಗಿಯೇ ಇರುತ್ತದೆ. ಅದರ ಎತ್ತರ, ದಪ್ಪ, ಯಾವುದರಿಂದ ಕಟ್ಟಿದ್ದು, ಯಾವ ಮಹಡಿಯ ಮೇಲೆ ನಿಂತಿದೆ, ಅದರೊಳಗೆ ಯಾವ ಕಿಟಕಿ ಕೂತಿದೆ, ಎಲ್ಲವೂ ಅದರ ಜೊತೆಗೇ ಇರುತ್ತವೆ. ನಕ್ಷೆಗಳ ಬದಲಿಗೆ ಇಂಥ ಒಂದೇ ಮಾದರಿ ಇರಲಿ, ಬೇಕಾದ ನಕ್ಷೆಗಳು ಅದರಿಂದಲೇ ಹೊರಬರಲಿ ಎಂದು ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1975ರಷ್ಟು ಹಿಂದೆಯೇ ಬರೆದಿದ್ದರು. ಆಗಿನ ಕಂಪ್ಯೂಟರುಗಳಿಗೆ ಆ ಶಕ್ತಿ ಇರಲಿಲ್ಲ. ಈಗ ವಿದ್ಯಾರ್ಥಿಗಳ ಲ್ಯಾಪ್‌ಟಾಪಿಗೂ ಇದೆ. 2016ರ ಏಪ್ರಿಲ್‌ನಿಂದ ಬ್ರಿಟನ್ ತನ್ನ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಬಿಮ್ ಕಡ್ಡಾಯ ಮಾಡಿತು. ನಮ್ಮಲ್ಲಿ ನಾಗಪುರ ಮೆಟ್ರೊ ಕಾಲ ಮತ್ತು ಖರ್ಚಿನ ಲೆಕ್ಕವನ್ನೂ ಮಾದರಿಗೆ ಹೆಣೆದು ಕೆಲಸ ಮಾಡಿತು.

ನನಗೆ ಮುಖ್ಯವಾದದ್ದು ಕಾಲವನ್ನು ಹೆಣೆಯುವ ಆ ಕೆಲಸ. ಮಾದರಿಯ ಪ್ರತಿಯೊಂದು ಭಾಗಕ್ಕೂ ಅದು ಯಾವ ದಿನ ಏಳುತ್ತದೆ ಎಂಬ ತಾರೀಖನ್ನು ಅಂಟಿಸಿದರೆ ಕಟ್ಟಡವನ್ನು ಯಾವ ದಿನಕ್ಕೆ ಬೇಕಾದರೂ ನಿಲ್ಲಿಸಿ ನೋಡಬಹುದು. ಬರುವ ಆಗಸ್ಟ್ ಮೂರನೆಯ ವಾರ ಈ ಕಟ್ಟಡ ಹೇಗಿರುತ್ತದೆ? ಐದನೆಯ ಮಹಡಿಯ ಸ್ಲ್ಯಾಬ್ ಬಿದ್ದಿದೆ, ಅಂಚಿನ ಗೋಡೆ ಎದ್ದಿಲ್ಲ, ಮೆಟ್ಟಿಲು ಮೂರನೆಯ ಮಹಡಿಗೇ ನಿಂತಿದೆ. ಹಾಗಾದರೆ ಐದನೆಯ ಮಹಡಿಯಲ್ಲಿ ಕೆಲಸ ಮಾಡುವವರು ಹತ್ತುವುದು ಯಾವುದರ ಮೇಲೆ? ಈ ಪ್ರಶ್ನೆ ಕಚೇರಿಯಲ್ಲಿ ಕೂತವನಿಗೆ ಆರು ತಿಂಗಳ ಮುಂಚೆಯೇ ಹೊಳೆಯುವಂತೆ ಮಾಡುವುದು ಮಾದರಿಯ ದೊಡ್ಡ ಉಪಕಾರ. ಅಷ್ಟು ಮುಂಚೆ ಹೊಳೆದರೆ ಮೆಟ್ಟಿಲನ್ನು ಮೊದಲೇ ಎರಕ ಹೊಯ್ದು ತಂದು ಕೂರಿಸುವ ಯೋಚನೆಯಾದರೂ ಬರುತ್ತದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ತಂಡ. ಅದರಲ್ಲಿ ಈಸ್ಟ್‌ಮನ್ ಕೂಡ ಇದ್ದರು. 2013ರಲ್ಲಿ ಪ್ರಕಟವಾದ ಅವರ ಕೆಲಸದ ತಿರುಳನ್ನು ಸರಳವಾಗಿ ಹೇಳುತ್ತೇನೆ. ಅಮೆರಿಕದ ನಿಯಮದ ಪ್ರಕಾರ ಕಟ್ಟಡದ ಕೆಲಸದಲ್ಲಿ 6 ಅಡಿ ಅಥವಾ ಅದಕ್ಕಿಂತ ಹೆಚ್ಚು ಎತ್ತರದಿಂದ ಬೀಳುವ ಸಂಭವವಿರುವಲ್ಲಿ ರಕ್ಷಣೆ ಇರಲೇಬೇಕು. ಆ ನಿಯಮವನ್ನು ಅವರು ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆದರು. ಪ್ರೋಗ್ರಾಮು ಮಾದರಿಯ ಒಂದೊಂದು ಸ್ಲ್ಯಾಬನ್ನೂ ಹಿಡಿದು ಅದರ ಬಯಲು ಅಂಚುಗಳನ್ನೂ ಅದರಲ್ಲಿನ ಕಂಡಿಗಳನ್ನೂ ಹುಡುಕುತ್ತದೆ. ಸ್ಲ್ಯಾಬ್ ಬಿದ್ದ ತಾರೀಖು, ಅಂಚಿಗೆ ಗೋಡೆ ಏಳುವ ತಾರೀಖು, ಇವೆರಡರ ನಡುವಿನ ಅವಧಿಯೇ ಅಪಾಯದ ಅವಧಿ. ಅಷ್ಟು ದಿನಕ್ಕೆ ಅಷ್ಟು ಉದ್ದದ ರೇಲಿಂಗ್ ಬೇಕು ಎಂದು ಪ್ರೋಗ್ರಾಮು ತಾನೇ ಮಾದರಿಯೊಳಗೆ ರೇಲಿಂಗ್ ಇಟ್ಟು ತೋರಿಸುತ್ತದೆ. ಸಣ್ಣ ಕಂಡಿಗೆ ಮುಚ್ಚಳ, ದೊಡ್ಡದಕ್ಕೆ ಸುತ್ತ ರೇಲಿಂಗ್. ಯಾವ ವಾರ ಎಷ್ಟು ಸಾಮಾನು ತರಿಸಬೇಕು ಎಂಬ ಪಟ್ಟಿಯೂ ಅದರಿಂದಲೇ ಬರುತ್ತದೆ.

ಈ ಪಟ್ಟಿಯ ಬೆಲೆ ನಮ್ಮ ಗುತ್ತಿಗೆದಾರರಿಗೆ ಚೆನ್ನಾಗಿ ಗೊತ್ತು. ಹತ್ತು ಮಹಡಿಯ ಕಟ್ಟಡದಲ್ಲಿ ಒಂದು ಲಿಫ್ಟ್ ಎಂದರೆ ಮಹಡಿಗೊಂದರಂತೆ ಬಾಯಿ ತೆರೆದ ಗುಂಡಿ. ಅದಕ್ಕೆ ಬಾಗಿಲು ಕೂರುವುದು ಕಟ್ಟಡ ಮುಗಿಯುವ ಹೊತ್ತಿಗೆ. ಅಲ್ಲಿಯವರೆಗೆ ಅಡ್ಡಲಾಗಿ ಒಂದು ಬೊಂಬು ಕಟ್ಟಿರುತ್ತಾರೆ, ಇಲ್ಲವೇ ಒಂದು ಹಲಗೆ ಒರಗಿಸಿರುತ್ತಾರೆ. ಆ ಹಲಗೆಯನ್ನು ಸೆಂಟ್ರಿಂಗಿನವರು ತಮ್ಮ ಕೆಲಸಕ್ಕೆ ಎತ್ತಿಕೊಂಡು ಹೋಗುತ್ತಾರೆ. ಸಂಜೆಯ ಮಬ್ಬಿನಲ್ಲಿ ಸಿಮೆಂಟು ಚೀಲ ಹೊತ್ತು ಬಂದವರಿಗೆ ಗುಂಡಿ ಕಾಣುವುದಿಲ್ಲ. ಲಿಫ್ಟ್ ಗುಂಡಿಗೆ ಗಟ್ಟಿಯಾದ ಬಾಗಿಲು ಹಾಕುವುದಕ್ಕೆ ಯಾವ ಗುತ್ತಿಗೆದಾರನೂ ತಾತ್ವಿಕವಾಗಿ ವಿರೋಧಿಯಲ್ಲ. ಅದು ಅಂದಾಜುಪಟ್ಟಿಯಲ್ಲಿ ಇರುವುದಿಲ್ಲ, ಹಾಗಾಗಿ ಬಿಲ್ಲಿನಲ್ಲೂ ಇರುವುದಿಲ್ಲ, ಹಾಗಾಗಿ ಕೆಲಸದಲ್ಲೂ ಇರುವುದಿಲ್ಲ. ಮಾದರಿಯಲ್ಲಿ ಆ ಬಾಗಿಲನ್ನು ಇಟ್ಟರೆ ಅದು ಪರಿಮಾಣವಾಗುತ್ತದೆ, ಪರಿಮಾಣವಾದರೆ ದರ ಬರುತ್ತದೆ, ದರ ಬಂದರೆ ಹಾಕದೆ ಬಿಟ್ಟವನನ್ನು ಕೇಳುವ ಹಕ್ಕು ಬರುತ್ತದೆ. ಸುರಕ್ಷತೆಯ ಭಾಷಣಗಳಿಂದ ಆಗದ ಕೆಲಸ ಅಂದಾಜುಪಟ್ಟಿಯ ಒಂದು ಸಾಲಿನಿಂದ ಆಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ವಿನ್ಯಾಸದ ಹಂತದಲ್ಲೇ ಇದೆಲ್ಲ ಏಕೆ, ಕೆಲಸದ ಜಾಗದಲ್ಲಿ ಸೇಫ್ಟಿ ಆಫೀಸರ್ ಇದ್ದಾನಲ್ಲ ಎಂದು ಕೇಳುವವರಿದ್ದಾರೆ. 1992ರಲ್ಲಿ ಯುರೋಪಿನ ದೇಶಗಳು ಒಟ್ಟಾಗಿ ಹೊರಡಿಸಿದ ಕಟ್ಟಡ ಕಾಮಗಾರಿಗಳ ನಿರ್ದೇಶನದ ಪೀಠಿಕೆಯಲ್ಲೇ ಇದಕ್ಕೆ ಉತ್ತರವಿದೆ. ತಮ್ಮ ದೇಶಗಳ ಕಟ್ಟಡ ಕೆಲಸದ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿನ್ಯಾಸದ ತಪ್ಪು ಆಯ್ಕೆಗಳು ಅಥವಾ ಮುಂಚಿನ ಯೋಜನೆಯ ಕೊರತೆ ಕಾರಣವಾಗಿವೆ ಎಂದು ಅದು ಹೇಳುತ್ತದೆ. 2005ರಲ್ಲಿ ಅಮೆರಿಕದ ಮೈಕೆಲ್ ಬೆಹ್ಮ್ ಅಲ್ಲಿನ 224 ಸಾವುಗಳ ತನಿಖಾ ವರದಿಗಳನ್ನು ಓದಿ, ಅವುಗಳಲ್ಲಿ ಶೇ. 42ರಷ್ಟು ಸಾವುಗಳಿಗೆ ವಿನ್ಯಾಸದ ಜೊತೆ ನಂಟಿದೆ ಎಂದು ತೋರಿಸಿದರು. ನಂಟು ಎಂದರೆ ಏನೆಂದು ಒಂದು ಚಿಕ್ಕ ವಿವರದಿಂದ ಹೇಳುತ್ತೇನೆ. ಅಮೆರಿಕದಲ್ಲಿ ಉಕ್ಕಿನ ಕಟ್ಟಡದ ಅಂಚಿನ ಕಂಬಗಳು ಪ್ರತಿ ಮಹಡಿಯ ನೆಲದಿಂದ ಕನಿಷ್ಠ 48 ಇಂಚು ಮೇಲಕ್ಕೆ ಚಾಚಿರಬೇಕು, ಅವುಗಳಲ್ಲಿ ಸುಮಾರು 42 ಇಂಚಿನ ಎತ್ತರಕ್ಕೊಂದು, ಅದರ ಅರ್ಧಕ್ಕೊಂದು ತೂತು ಮೊದಲೇ ಇರಬೇಕು. ಕಂಬ ನಿಂತ ತಕ್ಷಣ ಆ ತೂತುಗಳಲ್ಲಿ ಉಕ್ಕಿನ ಹಗ್ಗ ಪೋಣಿಸಿದರೆ ಮಹಡಿಯ ಸುತ್ತ ಬೇಲಿಯಾಯಿತು. ಕಾರ್ಖಾನೆಯಲ್ಲಿ ಆ ತೂತು ಕೊರೆಯಲು ಬೇಕಾದದ್ದು ಕೆಲವು ನಿಮಿಷ. ನಲವತ್ತು ಅಡಿ ಮೇಲೆ, ಅಂಚಿನಲ್ಲಿ ನಿಂತು ಅದೇ ತೂತು ಕೊರೆಯಬೇಕಾದರೆ, ಕೊರೆಯುವವನನ್ನು ಕಾಪಾಡಲು ಇನ್ನೊಂದು ಬೇಲಿ ಬೇಕು. ಆ ತೂತನ್ನು ಹಾಕಬೇಕಾದವನು ನಕ್ಷೆ ಬರೆಯುವವನು, ಬೇರೆ ಯಾರೂ ಅಲ್ಲ.

ಇದು ಪರದೇಶದ ಮಾತು ಎಂದು ತಳ್ಳಿಹಾಕುವಂತಿಲ್ಲ. ನಮ್ಮ ಕಟ್ಟಡ ಕಾರ್ಮಿಕರ ಕಾಯ್ದೆ 1996ರದ್ದು. ಅದರಡಿ 1998ರಲ್ಲಿ ಬಂದ ಕೇಂದ್ರ ನಿಯಮಗಳಲ್ಲೇ ವಾಸ್ತುಶಿಲ್ಪಿ, ಯೋಜನಾ ಎಂಜಿನಿಯರ್ ಮತ್ತು ವಿನ್ಯಾಸಕಾರರು ಯೋಜನೆಯ ಹಂತದಲ್ಲೇ ಕಾರ್ಮಿಕರ ಸುರಕ್ಷತೆಯನ್ನು ಗಮನಿಸತಕ್ಕದ್ದು ಎಂದಿದೆ. ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ 9ನೆಯ ಕಲಮು ಅದನ್ನೇ ಮತ್ತೆ ಹೇಳುತ್ತದೆ. ಎಂಜಿನಿಯರಿಂಗ್ ಪದವಿ ಪಡೆದು ಹೊರಬರುವ ಎಷ್ಟು ಹುಡುಗ ಹುಡುಗಿಯರಿಗೆ ಈ ಕಲಮು ಇದೆ ಎಂಬುದಾದರೂ ಗೊತ್ತಿದೆ? ಉಕ್ಕಿನ ಸಂಹಿತೆ, ಕಾಂಕ್ರೀಟಿನ ಸಂಹಿತೆ ಅವರ ಬಾಯಲ್ಲಿ ನಲಿಯುತ್ತವೆ. ಇದನ್ನು ನಾವು ಅಧ್ಯಾಪಕರು ಕಲಿಸಿಲ್ಲ.

ನಮ್ಮಲ್ಲಿ ಬಿಮ್ ಬಳಸುವ ದೊಡ್ಡ ಕಚೇರಿಗಳ ಬಗ್ಗೆ ನನ್ನದೊಂದು ತಕರಾರಿದೆ. ಅವರ ಮಾದರಿಗಳು ನೋಡಲು ಬಲು ಚಂದ. ಎಸಿ ಕೊಳವೆ ತೊಲೆಗೆ ತಾಗುತ್ತದೆಯೇ ಎಂದು ಸಾವಿರಾರು ಕಡೆ ಪರೀಕ್ಷಿಸುತ್ತಾರೆ. ಆದರೆ ಆ ಮಾದರಿಯಲ್ಲಿ ಸಾರ್ವೆ ಇರುವುದಿಲ್ಲ, ಸೆಂಟ್ರಿಂಗ್ ಇರುವುದಿಲ್ಲ, ಜಾಕಿಗಳಿರುವುದಿಲ್ಲ, ಕ್ರೇನ್ ನಿಲ್ಲುವ ನೆಲವಿರುವುದಿಲ್ಲ. ಮುಗಿದ ಮೇಲೆ ಕಳಚಿ ಒಯ್ಯುವ ವಸ್ತುಗಳನ್ನೆಲ್ಲ ಹೊರಗಿಟ್ಟ ಮಾದರಿಯೂ ಕೊನೆಯ ದಿನದ ನಕ್ಷೆಯೇ. ಅದು ಬಣ್ಣದಲ್ಲಿದೆ, ಮೂರು ಆಯಾಮದಲ್ಲಿದೆ ಎಂಬುದಷ್ಟೇ ವ್ಯತ್ಯಾಸ.

ಸೆಂಟ್ರಿಂಗನ್ನೇ ತೆಗೆದುಕೊಳ್ಳಿ. ಮೋಲ್ಡ್ ಹಾಕುವ ದಿನ ಹಸಿ ಕಾಂಕ್ರೀಟು, ಕಂಬಿ, ಜನ, ವೈಬ್ರೇಟರಿನ ನಡುಕ, ಎಲ್ಲದರ ಭಾರವೂ ಜಾಕಿಗಳ ಮೇಲೆ. ಆ ಜಾಕಿಗಳು ನಿಂತಿರುವುದು ಕೆಳಗಿನ ಮಹಡಿಯ ಸ್ಲ್ಯಾಬಿನ ಮೇಲೆ. ಅದು ಬಿದ್ದು ಎಷ್ಟು ದಿನವಾಯಿತು? ಅದರ ಕೆಳಗಿನ ಜಾಕಿಗಳನ್ನು ತೆಗೆದುಬಿಟ್ಟಿದ್ದಾರೆಯೇ? ಉಳಿಸಿದ್ದರೆ ಮೇಲಿನ ಜಾಕಿಯೂ ಕೆಳಗಿನ ಜಾಕಿಯೂ ಒಂದೇ ನೇರದಲ್ಲಿವೆಯೇ? ಸಭಾಭವನದ ಪೋರ್ಟಿಕೋದಂತೆ ಎರಡು ಮಹಡಿ ಎತ್ತರದ ಸ್ಲ್ಯಾಬಾದರೆ, ಉದ್ದ ಸಾಲದೆ ನೀಲಗಿರಿ ಕಂಬಕ್ಕೆ ಕಂಬ ಸೇರಿಸಿ ಕಟ್ಟಿದ್ದಾರೆಯೇ, ನಡುವೆ ಅಡ್ಡಪಟ್ಟಿ ಬಿಗಿದಿದ್ದಾರೆಯೇ? ಸೆಂಟ್ರಿಂಗಿಗೆಂದೇ 1999ರಿಂದ ಐಎಸ್ 14687 ಎಂಬ ಭಾರತೀಯ ಮಾನಕವಿದೆ. ಜಾಕಿಗಳನ್ನು ಮಾದರಿಯೊಳಗೆ ಒಂದೊಂದಾಗಿ ನಿಲ್ಲಿಸಿ, ಪ್ರತಿ ಸ್ಲ್ಯಾಬಿಗೂ ಅದರ ವಯಸ್ಸನ್ನು ಬರೆದಿಟ್ಟರೆ ಈ ಪ್ರಶ್ನೆಗಳೆಲ್ಲ ಕಣ್ಣೆದುರು ಬರುತ್ತವೆ. ಮೇಲಿನ ಮಹಡಿಯ ಜಾಕಿ ಕೆಳಗೆ ಆಸರೆಯಿಲ್ಲದ ಕಡೆ ನಿಂತಿರುವುದು ಕಾಗದದ ಮೇಲೆ ಕಾಣದು. ಮಾದರಿಯನ್ನು ಅಡ್ಡಲಾಗಿ ಸೀಳಿ ನೋಡಿದರೆ ಯಾರಿಗಾದರೂ ಕಾಣುತ್ತದೆ.

ನೆಲವೂ ಹಾಗೆಯೇ. ಮಂಗಳೂರಿನಂಥ ಗುಡ್ಡದ ಊರಿನಲ್ಲಿ ಬೇಸ್‌ಮೆಂಟಿಗಾಗಿ ಕೆಂಪು ಮಣ್ಣಿನ ದರೆ ಕಡಿದರೆ, ಮಳೆ ಹಿಡಿಯುವ ಮೊದಲು ಎಲ್ಲಿಯವರೆಗೆ ಅಗೆದಿರುತ್ತೇವೆ, ತಡೆಗೋಡೆ ಯಾವ ವಾರ ಏಳುತ್ತದೆ ಎಂಬುದೇ ಪ್ರಾಣದ ಪ್ರಶ್ನೆ. 1.5 ಮೀಟರಿಗಿಂತ ಆಳದ ಕಂದಕಕ್ಕೆ ಆಸರೆ ಕಟ್ಟಬೇಕೆಂಬ ನಿಯಮ ನಮ್ಮಲ್ಲಿ ಹಳೆಯದು. ಡ್ರೋನ್ ಹಾರಿಸಿ ವಾರಕ್ಕೊಮ್ಮೆ ನೆಲದ ಮಾದರಿ ಪಡೆದರೆ ಯೋಜನೆಯಲ್ಲಿದ್ದ ಇಳಿಜಾರಿಗೂ ಜೆಸಿಬಿ ಕಡಿದ ಇಳಿಜಾರಿಗೂ ಇರುವ ಅಂತರ ಅಳತೆಗೆ ಸಿಗುತ್ತದೆ.

ಮಾದರಿ ಎಷ್ಟೇ ಚೆನ್ನಾಗಿರಲಿ, ಅದರೊಳಗಿನ ತಿಳಿವಳಿಕೆ ಮೇಲೆ ನಿಂತವನಿಗೆ ಮುಟ್ಟದಿದ್ದರೆ ವ್ಯರ್ಥ. ಕೆನಡಾದ ಕ್ವಿಬೆಕ್ ಸೇತುವೆ 1907ರ ಆಗಸ್ಟ್ 29ರಂದು ಕಟ್ಟುವಾಗಲೇ ನದಿಗೆ ಬಿತ್ತು. 75 ಕೆಲಸಗಾರರು ಸತ್ತರು. ಕೆಳತೊಲೆಗಳು ಬಾಗುತ್ತಿರುವುದನ್ನು ಸ್ಥಳದಲ್ಲಿದ್ದ ಎಂಜಿನಿಯರ್ ಮೊದಲೇ ಅಳೆದಿದ್ದರು. ಅದನ್ನು ತಿಳಿಸಲು ನ್ಯೂಯಾರ್ಕಿಗೆ, ಸಲಹಾ ಎಂಜಿನಿಯರ್ ಥಿಯೊಡರ್ ಕೂಪರ್ ಬಳಿಗೆ ಹೋದರು. ಇನ್ನು ಭಾರ ಹೇರಬೇಡಿ ಎಂದು ಕೂಪರ್ ತಂತಿ ಕಳಿಸಿದ್ದು ಉಕ್ಕು ತಯಾರಿಸುವ ಕಂಪನಿಯ ಊರಿಗೆ, ಸೇತುವೆಯ ಬಳಿಗಲ್ಲ. ಕೆಲಸ ಸಂಜೆಯವರೆಗೆ ನಡೆಯಿತು. ತಿಳಿದದ್ದು ಇತ್ತು, ತಲುಪಬೇಕಾದವರಿಗೆ ತಲುಪಲಿಲ್ಲ. ನೂರು ವರ್ಷ ಕಳೆದ ಮೇಲೂ ನಮ್ಮ ಕೆಲಸದ ಜಾಗಗಳಲ್ಲಿ ಸಾವಿನ ಹಾದಿ ಬಹುಪಾಲು ಇದೇ.

ಫಿನ್ಲೆಂಡಿನ ವಿಟಿಟಿ ಸಂಶೋಧನಾ ಕೇಂದ್ರದವರು ಅಂಚಿನ ರೇಲಿಂಗುಗಳನ್ನು ಮಾದರಿಯಲ್ಲಿ ರೂಪಿಸಿ ಅದನ್ನು ಕೆಲಸದ ಜಾಗದ ಯೋಜನೆಗೆ, ಕೆಲಸಗಾರರಿಗೆ ವಿವರಿಸುವುದಕ್ಕೆ ಬಳಸಿದರು. ನಮಗೆ ಇದರ ಅಗತ್ಯ ಇನ್ನೂ ಹೆಚ್ಚು. ಬೆಂಗಳೂರಿನ ಒಂದು ದೊಡ್ಡ ಕಾಮಗಾರಿಯಲ್ಲಿ ರಾಯಚೂರು, ಯಾದಗಿರಿಯವರ ಪಕ್ಕದಲ್ಲಿ ಬಿಹಾರದವರು, ಒಡಿಶಾದವರು, ಬಂಗಾಳದವರು ಇರುತ್ತಾರೆ. ಇಂಗ್ಲಿಷ್ ಫಲಕ ಯಾರಿಗೂ ಅಲ್ಲ. ಅಂದಿನ ಮಹಡಿಯ ಚಿತ್ರವನ್ನು ಮಾದರಿಯಿಂದ ತೆಗೆದು, ಬೀಳುವ ಜಾಗಗಳಿಗೆ ಕೆಂಪು ಬಳಿದು, ದೊಡ್ಡ ಹಾಳೆಯಲ್ಲಿ ಅಚ್ಚು ಮಾಡಿ ಮೆಟ್ಟಿಲ ಬಳಿ ಅಂಟಿಸಿದರೆ ಓದು ಬಾರದವರಿಗೂ ಅರ್ಥವಾಗುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹತ್ತುವ ಮುನ್ನ ಮೇಸ್ತ್ರಿ ಅದರ ಮುಂದೆ ಐದು ನಿಮಿಷ ನಿಂತು ಮಾತಾಡಲಿ. ಮೇಸ್ತ್ರಿಯ ಮಾತೂ ಮಾದರಿಗೆ ಮರಳಬೇಕು. ಸಾರ್ವೆ ಕಟ್ಟುವವನಿಗೆ ಗೊತ್ತಿರುವ ಎಷ್ಟೋ ಸಂಗತಿ ಕಚೇರಿಗೆ ಗೊತ್ತಿರುವುದಿಲ್ಲ. ಇಲ್ಲಿ ಕಾಲಿಡಲು ಜಾಗವಿಲ್ಲ ಸ್ವಾಮಿ ಎಂದು ಅವನು ಹೇಳಿದರೆ ಆ ದಿನವೇ ಮಾದರಿ ಬದಲಾಗಬೇಕು.

ಮಿತಿಗಳನ್ನೂ ಹೇಳಬೇಕು. ಲಂಡನ್ನಿನ ಕ್ರಾಸ್‌ರೈಲ್ ಸುರಂಗ ಮಾರ್ಗ ಬಿಮ್ ಬಳಕೆಗೆ ಹೆಸರಾದ ಕಾಮಗಾರಿ. ಅಲ್ಲಿಯೂ 2014ರ ಮಾರ್ಚ್‌ನಲ್ಲಿ ಸುರಂಗದ ಮೇಲ್ಭಾಗಕ್ಕೆ ಸಿಂಪಡಿಸಿದ ಹಸಿ ಕಾಂಕ್ರೀಟ್ ಕುಸಿದು ಒಬ್ಬ ಕೆಲಸಗಾರ ಸತ್ತ. ಹಸಿ ಕಾಂಕ್ರೀಟಿನ ಕೆಳಗೆ ಯಾರೂ ಹೋಗಬಾರದ ವಲಯವನ್ನು ಸರಿಯಾಗಿ ಕಾಯ್ದಿರಲಿಲ್ಲ. 2017ರಲ್ಲಿ ಗುತ್ತಿಗೆದಾರರಿಗೆ 10 ಲಕ್ಷ ಪೌಂಡಿಗೂ ಹೆಚ್ಚು ದಂಡ ಬಿತ್ತು. ಒಂದು ತಡೆ, ಒಬ್ಬ ಕಾವಲುಗಾರ ಮಾಡಬೇಕಾದ ಕೆಲಸವನ್ನು ಯಾವ ಮಾದರಿಯೂ ಮಾಡಲಾರದು. 1983ರಲ್ಲಿ ಬೆಂಗಳೂರಿನಲ್ಲಿ 123 ಜನರನ್ನು ಬಲಿ ತೆಗೆದುಕೊಂಡ ಗಂಗಾರಾಮ್ ಕಟ್ಟಡ, 2019ರಲ್ಲಿ 19 ಜನರನ್ನು ಬಲಿ ತೆಗೆದುಕೊಂಡ ಧಾರವಾಡದ ಕಟ್ಟಡ, ಇಂಥ ಕುಸಿತಗಳನ್ನು ತಡೆಯಲು ಬೇಕಾದದ್ದು ಮೊದಲು ಕಾನೂನಿನ ಭಯ, ಆಮೇಲೆ ತಂತ್ರಾಂಶ.

ಇನ್ನೊಂದು ಅಪಾಯವಿದೆ. ಹೆಲ್ಮೆಟ್ ಹಾಕದವರನ್ನು ಹಿಡಿಯುವ ಕ್ಯಾಮೆರಾ, ಕೂಲಿಯಾಳಿನ ತೋಳಿಗೆ ಕಟ್ಟಿ ಅವನ ಓಡಾಟ ಅಳೆಯುವ ಪಟ್ಟಿ, ಇವುಗಳನ್ನೇ ಡಿಜಿಟಲ್ ಸುರಕ್ಷತೆ ಎಂದು ಮಾರುವವರು ಹೆಚ್ಚುತ್ತಿದ್ದಾರೆ. ಇವು ತಪ್ಪನ್ನು ಕೆಲಸಗಾರನಲ್ಲೇ ಹುಡುಕುವ ಸಾಧನಗಳು. ಬೇಲಿಯಿಲ್ಲದ ಅಂಚಿಗೆ ಅವನನ್ನು ಕಳಿಸಿದವರು ನಾವು. ಮೊದಲು ನಮ್ಮ ಮಾದರಿಯನ್ನು ಪರೀಕ್ಷಿಸೋಣ, ಆಮೇಲೆ ಅವನ ಹೆಲ್ಮೆಟನ್ನು.

ನಮ್ಮ ರಾಜ್ಯದ ಬಹುಪಾಲು ಕಟ್ಟಡಗಳು 30–40ರ ಸೈಟಿನಲ್ಲಿ ಏಳುವ ಮೂರು ನಾಲ್ಕು ಮಹಡಿಯವು, ಅಲ್ಲಿ ಬಿಮ್ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಅಲ್ಲಿಗೆ ತಂತ್ರಾಂಶ ಬೇಕಿಲ್ಲ, ಅದರ ಹಿಂದಿನ ಯೋಚನೆ ಸಾಕು. ಒಂದೊಂದು ಮೋಲ್ಡಿಗೂ ಮುನ್ನ ಆ ದಿನದ ಕಟ್ಟಡವನ್ನು ಒಂದು ಹಾಳೆಯಲ್ಲಿ ಕೈಯಿಂದ ಬರೆದು, ಅಂಚು, ಗುಂಡಿ, ತಂತಿ, ಹತ್ತುವ ದಾರಿ ಗುರುತಿಸಿ ಮೇಸ್ತ್ರಿಗೆ ಕೊಡುವ ಎಂಜಿನಿಯರ್ ಈ ಉಪನ್ಯಾಸದ ಸಾರವನ್ನು ಆಚರಣೆಗೆ ತಂದ ಹಾಗೆಯೇ. ದೊಡ್ಡ ಕಾಮಗಾರಿಗಳಿಗೆ ಮಾತ್ರ ನೆಪವಿಲ್ಲ. ಸರ್ಕಾರದ ಟೆಂಡರು ಬರೆಯುವ ಅಧಿಕಾರಿಗಳು ಈ ಸಭೆಯಲ್ಲಿದ್ದೀರಿ. ಬಿಮ್ ಕೇಳುವ ಪ್ರತಿ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿ: ಸಾರ್ವೆ, ಸೆಂಟ್ರಿಂಗ್, ಅಂಚಿನ ರೇಲಿಂಗ್, ಗುಂಡಿಗಳ ಮುಚ್ಚಳ ಮಾದರಿಯಲ್ಲಿರಬೇಕು, ಅವುಗಳಿಗೆ ಪ್ರತ್ಯೇಕ ದರವಿರಬೇಕು. ಕಟ್ಟಡದ ವೆಚ್ಚದ ಮೇಲೆ ಶೇ. 1ರಂತೆ ಸಂಗ್ರಹವಾಗುವ ಸೆಸ್ ಹಣ ಕಾರ್ಮಿಕರದ್ದೇ. ಅದರಲ್ಲಿ ಒಂದಿಷ್ಟನ್ನು ಮೇಸ್ತ್ರಿಗಳಿಗೆ ಮಾದರಿಯ ಚಿತ್ರ ಓದುವುದನ್ನು ಕಲಿಸಲು ಬಳಸಿ ಎಂದು ಕೇಳಿಕೊಳ್ಳುತ್ತೇನೆ.

ಮನೆ ಕಟ್ಟಿಸುತ್ತಿರುವವರೂ ಇಲ್ಲಿ ಬಹಳ ಜನ ಇದ್ದೀರಿ. ಮೋಲ್ಡ್ ಹಾಕುವ ಹಿಂದಿನ ದಿನ ನಿಮ್ಮ ಎಂಜಿನಿಯರನ್ನು ಕರೆದುಕೊಂಡು ಒಮ್ಮೆ ಮೇಲೆ ಹೋಗಿ ನೋಡಿ. ಅಂಚಿಗೆ ತಡೆ ಇಲ್ಲದಿದ್ದರೆ, ಜಾಕಿಗಳ ಲೆಕ್ಕವನ್ನು ಅವರು ಹೇಳಲಾಗದಿದ್ದರೆ, ದಯವಿಟ್ಟು ಮೋಲ್ಡನ್ನು ಮುಂದಕ್ಕೆ ಹಾಕಿ.